ಸೀಸದ ಅಕ್ಷರ

ಉದ್ಯಮಬಾಗದ ನಮ್ಮ ಫೌಂಡ್ರಿ
ಪುಣೆದವರ ಕೈಗೆ ಹೋದದ್ದು ಶುಕ್ರವಾರ.
ಸೋಮವಾರ ನನಗೊಂದು ಕೆಲಸ ಬಂತು:
ಎಪ್ಪತ್ತೆರಡು ಮರದ ಪ್ಯಾಟರ್ನ್,
ಒಂದೊಂದರ ಹೊಟ್ಟಿ ಮ್ಯಾಲಿನ ಮೂರು ಸೀಸದ ಅಕ್ಷರ
ಕಿತ್ತು, ಹೊಸಾವು ಕೂಡಸಬೇಕು.

ಅವನ್ನ ಕೂಡಿಸಿದಾಂವನೂ ನಾನ,
ಹತ್ತೊಂಬತ್ತು ವರ್ಷದ ಹಿಂದ.
ಭರಮಾ ಚೌಗಲೆ ಮಿಸ್ತ್ರಿ ಬೆನ್ನಿಗೆ ನಿಂತು
“ಸುತಾರಾ, ಗೆರಿ ಸೊಟ್ಟ ಆತಲೋ” ಅಂತ ಬೈಕೋತ.

ಪರದೆ ಮ್ಯಾಲೆ ಒಬ್ಬಾಕಿ ನಕ್ಕೋತ ಹೇಳಿದಳು:
ಇನ್ನ ನಾವೆಲ್ಲ ಒಂದ ಮನಿ ಮಂದಿ.
ಆ ವಾರಾನ ಕ್ಯಾಂಟೀನಿನ್ಯಾಗ ಎರಡು ಸಾಲಾದವು.
ಚಹಾಕ್ಕ ಕೂಪನ್ ಬಂತು.
ಚ್ಯಾಷ್ಟಿ ಮಾಡಿ ಪಾಳಿ ಕಳೀತಿದ್ದ ಇರ್ಫಾನ ಮುಲ್ಲಾ
ಈಗ ತನ್ನ ಗ್ಲೌಸ್ ಎಣಸ್ತಾನ, ಸಹಿ ಮಾಡ್ತಾನ.
ಚೌಗಲೆಗೆ ಪಾಕೀಟು ಕೊಟ್ರು. ಒಳಗೇನಿತ್ತೋ,
ಸೈಕಲ್ ಇಲ್ಲೇ ಮರತು ನಡಕೋತ ಹೋದ.
ನಾವ್ಯಾರೂ ಗೇಟಿನ ತನಕ ಹೋಗಲಿಲ್ಲ.
ಗೇಟಿನ ಮ್ಯಾಲೆ ಹೊಸಾ ಕ್ಯಾಮೆರಾ ಕುಂತಿತ್ತು.

ಕಿತ್ತ ಅಕ್ಷರ ಬುತ್ತಿ ಡಬ್ಬಿಯೊಳಗ ಅದಾವು,
ಅಲ್ಲಾಡಿಸಿದ್ರ ಚಿಲ್ಲರ ಸಪ್ಪಳ.
ಮೊಳಿ ತೂತಿಗೆ ಮೇಣ ತುಂಬಿ, ಉಜ್ಜಿ, ವಾರ್ನಿಶ್ ಹಚ್ಚಿ
ಹೊಸ ಹೆಸರು ಕೂಡಿಸೇನಿ.
ಅದಕ್ಕ ನಾಕು ಅಕ್ಷರ, ಜಾಗಾ ಸಾಲೂದಿಲ್ಲ,
ಒಂದರ ಮೊಣಕೈ ಇನ್ನೊಂದಕ್ಕ ತಿವೀತೈತಿ.
ಮರಳಿನ್ಯಾಗ ಉಲ್ಟಾ ಮೂಡಿ
ಕಬ್ಬಿಣದಾಗ ಸುಲ್ಟಾ ಬರತೈತಿ.
ಇನ್‌ಸ್ಪೆಕ್ಷನ್ ಪಾಸ್.

ನಿನ್ನೆ ರಾತ್ರಿ ಪಾಳ್ಯಾಗ
ಇನ್ನೂ ಬೆಚ್ಚಗಿದ್ದ ಪಂಪಿನ ಕವಚದ ಮ್ಯಾಲೆ ಬೆರಳಾಡಿಸಿದ್ನಿ.
ಮೇಣ ಕುಗ್ಗಿತ್ತು.
ಹೊಸ ಹೆಸರಿನ ಸಂದಿಯೊಳಗ
ಆರು ಸಣ್ಣ ತಗ್ಗು, ಎರಡೆರಡು ಜೋಡಿ,
ಹಳೇ ಮೊಳಿ ಇದ್ದಲ್ಲೇ.

ಇರ್ಫಾನನ್ನ ಕರದ್ನಿ.
ಅಂವ ನೋಡಿದ. ಕ್ಯಾಮೆರಾದ ಕಡೆ ಒಮ್ಮೆ ನೋಡಿದ.
ಆಮ್ಯಾಲೆ ಬಲಗೈ ಗ್ಲೌಸ್ ತಗದ.