ಒಂದೂವರೆ ಮೊಳ

ಗೆನಿಯಾ ಹೋಗಿ ಎರಡೂವರೆ ತಾಸಾಯಿತು.
ಹೋಗಿಬರಲು ಒಂದೂವರೆ ಸಾಕು ಅಂದಿದ್ದಳು.
ಸನ್ಯಾಸಿನಿಯರ ಮಠದಲ್ಲಿ ಗಂಟೆ ಹನ್ನೆರಡು ಬಡಿದು
ಹೆಚ್ಚು ಬಡಿದೆನೇನೋ ಎಂಬಂತೆ ಸುಮ್ಮನಾಯಿತು.
ಒರತೆಯ ಪಕ್ಕದ ಬೆಂಚಿನ ಮೇಲೆ ನಾನು,
ನನ್ನ ಎರಡು ಮಂಡಿ, ಒಂದು ಥರ್ಮಾಸು,
ಕಾಗದದಲ್ಲಿ ಸುತ್ತಿದ ಗಸಗಸೆ ಕೇಕು.

ಪೋಲೆಂಡಿನ ಒಂದೊಂದು ಬೆಟ್ಟಸಾಲಿಗೂ ಒಂದೊಂದು ನೆತ್ತಿ,
ಒಟ್ಟು ಇಪ್ಪತ್ತೆಂಟು. ಇವತ್ತಿನದು ಕೊನೆಯದು.
ಎಷ್ಟೋ ಜನ ಕೊನೆಗೆಂದು ರಿಸಿಯನ್ನು ಉಳಿಸಿಕೊಳ್ಳುತ್ತಾರೆ,
ಸರಪಳಿ ಹಿಡಿದು ಆಕಾಶಕ್ಕೆ ಬೆನ್ನುಕೊಟ್ಟು ಏರುವ ಬಂಡೆ.
ಇವಳು ಉಳಿಸಿಕೊಂಡದ್ದು ಈ ಕುಳ್ಳಿಯನ್ನು, ವಿಸಿತ್ಸಾವನ್ನು,
ಮಕ್ಕಳು ಐಸ್‌ಕ್ರೀಮು ನೆಕ್ಕುತ್ತ ಹತ್ತುವ ಗುಡ್ಡವನ್ನು.
ಯಾಕೇ ಅಂದರೆ,
"ಮುಗಿಸುವಾಗ ಏದುಸಿರು ಇರಬಾರದು" ಅಂದಳು.

ಏದುಸಿರು ನಮಗೆ ಗೊತ್ತು.
ವೂಚ್ ಊರಿನ ನೂಲಿನ ಗಿರಣಿ, ರಾತ್ರಿ ಪಾಳಿ.
ರೆಪ್ಪೆಯ ಮೇಲೆ ಹತ್ತಿ, ಸಾರಿನ ಬಟ್ಟಲಲ್ಲಿ ಹತ್ತಿ,
ಕೆಮ್ಮಿದರೆ ಕರವಸ್ತ್ರದಲ್ಲಿ ಹತ್ತಿ.
ಬಾಗಿಲು ಮುಚ್ಚಿದ ದಿನ ಕೈಗಿಟ್ಟದ್ದು
ಮೂರು ತಿಂಗಳ ಸಂಬಳ, ಕೆಂಪು ಕಾರ್ನೇಷನ್ ಹೂ ಒಂದು.
ಸಪಾಟು ಊರು ನಮ್ಮದು. ಎತ್ತರವೆಂದರೆ ಚಿಮಣಿ.
ಡಾಕ್ಟರು ಅವಳ ಎದೆಯ ಸಿಳ್ಳೆ ಕೇಳಿಸಿಕೊಂಡು
ಚೀಟಿ ಬರೆಯದೆ "ಬೆಟ್ಟದ ಗಾಳಿ" ಅಂದರು.
ಹತ್ತಿ ಬಿಡಿಸಿಕೊಳ್ಳಲು ಹತ್ತತೊಡಗಿದೆವು.

ಇಪ್ಪತ್ತು ನಾನೂ ಹತ್ತಿದೆ, ಸುಳ್ಳಲ್ಲ.
ಬಾಬಿಯಾ ಗೂರಾ, ಅಂದರೆ ಅಜ್ಜಿಬೆಟ್ಟ,
ನಮ್ಮಿಬ್ಬರನ್ನೂ ಒಗೆದ ಬಟ್ಟೆಯ ಹಾಗೆ ಗಾಳಿಗೆ ಒದರಿತು.
ತಾರ್ನಿತ್ಸಾಕ್ಕೆ ರಾತ್ರಿ ಬಸ್ಸು, ಪಕ್ಕದ ಸೀಟಿನಲ್ಲಿ
ಯಾರದೋ ಬುಟ್ಟಿಯೊಳಗೆ ಕೋಳಿ.
ಇಪ್ಪತ್ತೊಂದನೆಯದರ ಬುಡದಲ್ಲಿ
ಮಂಡಿ ಸಾಕು ಅಂದಿತು, ಗಿರಣಿ ಮೇಸ್ತ್ರಿಯ ದನಿಯಲ್ಲಿ.

ಆಮೇಲೆ ನಾನು ಬುಡದವಳು.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ಬುಡದಲ್ಲಿ ಕೂತವಳಿಗೆ ಬೆಟ್ಟವೇ ಕಾಣುವುದಿಲ್ಲ,
ಮರ ಕಾಣುತ್ತದೆ, ಟಿಕೇಟಿನವನು ಕಾಣುತ್ತಾನೆ,
ಇಳಿದು ಬರುವವರ ಮುಖ ಕಾಣುತ್ತದೆ.
ಮೇಲೆ ಏನೋ ಬಿಟ್ಟುಬಂದವರ ಮುಖ.

ಬಂದಳು. ಲಂಗದ ಹಿಂದೆಲ್ಲ ಪಾಚಿ.
"ತಡವಾಯ್ತು ಲೂದ್ಕಾ. ತುದಿ ಬೇರೆ ಕಡೆ ಇತ್ತು."
ಶಿಲುಬೆ, ಹಲಗೆ, ತಗಡಿನ ಡಬ್ಬಿಯಲ್ಲಿ ಮುದ್ರೆ,
ಎಲ್ಲ ಮುಗಿಸಿ ಫೋಟೋಗೆ ತಲೆಗೂದಲು ಸರಿಮಾಡಿಕೊಳ್ಳುವಾಗ
ಶಾಲೆಯ ಹುಡುಗನೊಬ್ಬ ಹೇಳಿದನಂತೆ:
ಅಜ್ಜಿ, ಹೊಸದಾಗಿ ಅಳೆದಿದ್ದಾರೆ. ಇದಲ್ಲ.
ಅಗಾತಾಳ ಬಂಡೆ ಅಂತ ಅತ್ತ ಇದೆ,
ಒಂದೂವರೆ ಮೊಳ ಜಾಸ್ತಿ.

ಹತ್ತೊಂಬತ್ತು ವರ್ಷ ನಡೆದವಳಿಗೆ
ಒಂದೂವರೆ ಮೊಳ ಬಿಡಲಾಗಲಿಲ್ಲ.

"ಏನಿತ್ತು ಅಲ್ಲಿ?"
"ಏನೂ ಇಲ್ಲ. ಕಲ್ಲು, ಫರ್ ಮರ.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಕೂತೆ. ಉಸಿರು ಎಳೆದೆ, ಬಿಟ್ಟೆ.
ಸಿಳ್ಳೆ ಬರಲಿಲ್ಲ."

ಅಷ್ಟು ಹೇಳಿ ನನ್ನ ಪುಸ್ತಕ ತೆಗೆದುಕೊಟ್ಟಳು.
ಯಾವಾಗ ಎತ್ತಿಕೊಂಡು ಹೋಗಿದ್ದಳೋ!
ಕೊನೆಯ ಪುಟದ ಖಾಲಿ ಚೌಕದಲ್ಲಿ ನೇರಳೆ ಮುದ್ರೆ.
ನನಗೆ ಸಿಟ್ಟು ಬಂತು, ಇಷ್ಟು ವರ್ಷದಲ್ಲಿ ಬಾರದ ಸಿಟ್ಟು.
"ನನ್ನ ಕಾಲು ಹತ್ತದ್ದನ್ನು ನನ್ನ ಪುಸ್ತಕ ಯಾಕೆ ಹತ್ತಬೇಕು?"
ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ.
ಹೋಗಲಿಲ್ಲ, ಹರಡಿತು.

ಅವಳು ಏನೂ ಅನ್ನದೆ ಒರತೆಗೆ ಬಗ್ಗಿದಳು.
ಈ ನೀರು ಕಣ್ಣಿಗೆ ಒಳ್ಳೆಯದಂತೆ.
ಮುಖ ತೊಳೆದದ್ದೋ, ಅತ್ತದ್ದೋ,
ನಾನು ಕೇಳಲಿಲ್ಲ.

ಬಸ್ಸಿಗೆ ಇನ್ನೂ ನಲವತ್ತು ನಿಮಿಷ.
ಕೇಕು ಬಿಚ್ಚಿ ಎರಡು ಭಾಗ ಮಾಡಿದೆ.
ಯಾವುದು ದೊಡ್ಡದೆಂದು
ಇಬ್ಬರೂ ಕಣ್ಣಲ್ಲೇ ಅಳೆದೆವು.