ಕೊಬ್ಬಿನ ಕೂಲಿ

ಬೆಳಗಿನ ಆರಕ್ಕೆ ಲಾರಿಯಿಂದ ಇಳಿದ ಕತ್ರೀನಾ ಮಾರ್ಮನ್,
ಸೊಂಟದಲ್ಲಿ ಕತ್ತರಿ,
ಮೊದಲು ನೋಡುವುದು ಹೂವನ್ನಲ್ಲ, ನೆಲವನ್ನು.

ಆಫ್ರಿಕಾದ ತೆಂಕಣ ತುದಿ. ಕಡಲಗಾಳಿ ತೇದ ಗುಡ್ಡ.
ಗುಂಡುಸೂಜಿ ಚುಚ್ಚಿಟ್ಟ ದಿಂಬಿನಂಥ
ಕಿತ್ತಳೆ ಹೂಗಳು; ಕಟ್ಟಿಗೆ ಹತ್ತು, ಕಟ್ಟಿನ ಮೇಲೆ ಕೂಲಿ.
"ಎಲ್ಲಾ ಕೊಯ್ಯಬೇಡ. ಇರುವೆಗೇನು ಕೊಡುತ್ತೀ?"
ಹೊಸಬ ಎಲ್ರಿಕೊ ನಕ್ಕ.

ಅಂಗೈಯಲ್ಲಿ ಬೀಜ ಇಟ್ಟು ತೋರಿಸಿದಳು:
ಮೈಮೇಲೆ ತೆಳ್ಳನೆ ಬಿಳಿ ಪೊರೆ,
ಬೆಣ್ಣೆ ಸವರಿದ ಹಾಗೆ.
ರೆಕ್ಕೆಯಿಲ್ಲ ಇದಕ್ಕೆ, ಬಿದ್ದರೆ ತಾಯಿಯ ಬುಡಕ್ಕೇ.
ರಾತ್ರಿಯಾದರೆ ಇಲಿ ಬರುತ್ತದೆ.
ಅಷ್ಟರೊಳಗೆ ಇರುವೆ ಬರಬೇಕು.

ಬರುತ್ತದೆ. ಪೊರೆ ಕಚ್ಚಿ
ಹಿಮ್ಮುಖವಾಗಿ ಎಳೆಯುತ್ತದೆ ತನಗಿಂತ ದೊಡ್ಡದನ್ನು,
ಕಲ್ಲು ಸುತ್ತಿ, ಬೇರು ದಾಟಿ, ಬಿಲದೊಳಕ್ಕೆ.
ಕೊಬ್ಬು ತಿಂದಾದ ಮೇಲೆ ನುಣ್ಣಗಿನ ಬೀಜಕ್ಕೆ
ಹಲ್ಲು ಕೂರುವುದಿಲ್ಲ; ಹೊರಗೆಸೆಯಲಾಗದೆ
ಕತ್ತಲ ಕೋಣೆಯಲ್ಲೇ ಬಿಡುತ್ತದೆ.
ಬಿತ್ತಿದೆನೆಂದು ಅದಕ್ಕೆ ಗೊತ್ತಿಲ್ಲ.

ಜನವರಿಯಲ್ಲಿ ಗಾಳಿ ಎದ್ದಿತು, ಆಗ್ನೇಯದಿಂದ.
ನಮ್ಮ ಮಾತಿನಲ್ಲಿ ಆ ದಿಕ್ಕಿನ ಹೆಸರಿನೊಳಗೇ ಬೆಂಕಿಯಿದೆ.
ಅಲ್ಲಿ ಗುಡ್ಡದೊಳಗಿತ್ತು.
ಮೂರು ದಿನ.
ಆಮೆಯ ಚಿಪ್ಪುಗಳು ಉಳಿದವು, ಕರಗಿದ ಒಂದು ಬಾಟಲಿ,
ಗೋಡೆಯ ಮೊಳೆಗೆ ನೇತುಬಿದ್ದ ಕತ್ತರಿ.
ಎಲ್ರಿಕೊ ಮೀನಿನ ಕಾರ್ಖಾನೆಗೆ ಹೋದ.

ಚಳಿಗಾಲದ ಮೊದಲ ಮಳೆ ಬಿದ್ದ ವಾರ
ಮೇಲಿನ ಇಳಿಜಾರಿನಲ್ಲಿ, ಬೂದಿಯ ನಡುವೆ,
ಅಲ್ಲಿ ನಾಲ್ಕು, ಇಲ್ಲಿ ಏಳು, ಗುಂಪುಗುಂಪಾಗಿ
ದಪ್ಪ ಎಲೆಯ ಮೊಳಕೆಗಳು:
ಕೆಳಗೆ ಎಲ್ಲೆಲ್ಲಿ ಬಿಲವಿತ್ತೋ ಅದರ ನಕ್ಷೆ.
ಹೂತದ್ದು ಹೂತೀತು,
ಕನ್ನಡ ಎರಡಕ್ಕೂ ಒಂದೇ ಮಾತಿಟ್ಟುಕೊಂಡಿದೆ.

ಕೆಳಗಿನ ದ್ರಾಕ್ಷಿತೋಟದ ಬೇಲಿಯಗುಂಟ ಏನೂ ಏಳಲಿಲ್ಲ.
ಅಲ್ಲಿ ಬೇರೆ ಇರುವೆ. ಸಣ್ಣದು, ಕಂದು,
ಎಂದೋ ಹಡಗಿನಲ್ಲಿ ಬಂದದ್ದು, ಹಳಬರನ್ನು ಓಡಿಸಿದ್ದು.
ಬಿದ್ದಲ್ಲೇ ಪೊರೆ ನೆಕ್ಕಿ
ಬೀಜವನ್ನು ಬಿಸಿಲಿಗೆ, ಇಲಿಗೆ ಬಿಟ್ಟು ನಡೆಯುತ್ತದೆ.
"ಕೂಲಿ ತಿಂದು ಕೆಲಸ ಮಾಡದವನು
ಮೇಸ್ತ್ರಿಗಳಲ್ಲೂ ಒಬ್ಬನಿದ್ದ," ಎನ್ನುತ್ತಾಳೆ ಕತ್ರೀನಾ,
ಹೆಸರು ಹೇಳುವುದಿಲ್ಲ.

ಹೂ ಬರಲು ಇನ್ನೂ ನಾಲ್ಕು ವರ್ಷ.
ಅವಳಿಗೆ ಈಗ ಅರವತ್ತೊಂದು.
ಮೊಳಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತು
ತನ್ನ ಬ್ರೆಡ್ಡಿನ ಬೆಣ್ಣೆಯನ್ನು ಬೆರಳಿನಿಂದ ಬಳಿದು
ಕಲ್ಲಿನ ಮೇಲೆ ಇಟ್ಟಳು.
ಮುಂಗಡ, ಎಂದಳು.

ಬಂದ ಇರುವೆ ಮೀಸೆ ಆಡಿಸಿ,
ಸುತ್ತು ಹಾಕಿ,
ತನ್ನ ದಾರಿ ಹಿಡಿಯಿತು.