ಇಪ್ಪತ್ತೊಂದು ದಿನ

ಆಗಬೋಟಿನಿಂದ ಮಚವೆಗೆ,
ಮಚವೆಯಿಂದ ಠಾಕೂ ತಾಂಡೇಲನ ಹೆಗಲಿಗೆ,
ಹೆಗಲಿನಿಂದ ಬೈತಕೋಲದ ಮರಳಿಗೆ ಇಳಿದ.
ಅಂಗಿಯ ಗುಂಡಿಗೆ ದಾರ ಪೋಣಿಸಿದ ಚೀಟಿ,
ಕಾಲಿಗೆ ಕರಿ ಬೂಟು, ಲೇಸಿಗೆ ಎರಡೆರಡು ಗಂಟು.

ಭಿಕಾಜಿ. ವಯಸ್ಸು ಏಳು. ಮುಂಬಯಿ.
ಅಪ್ಪನ ಜೊತೆ ಗೋದಿಯಲ್ಲಿ ಮೂಟೆ ಹೊತ್ತವನ ಮಗ.
ಜಪಾನಿನವರು ಇವತ್ತೋ ನಾಳೆಯೋ
ಬಾಂಬು ಹಾಕುತ್ತಾರಂತೆ ಅಲ್ಲಿ.
ಇಲ್ಲಿ ಹಾಕೂದಿಲ್ವ, ಕೇಳಿದೆ.
‘ನಮ್ಮ ತಾರ್ಲೆಗೆ ಬಾಂಬು ದಂಡ’ ಅಂದ ಅಪ್ಪ.

ನನ್ನ ತಾಟಿನ ಬಂಗಡೆ ಅಂದಿನಿಂದ ಅರ್ಧವಾಯಿತು.
ತಲೆಯ ಕಡೆ ಅವನಿಗೆ, ಬಾಲದ ಕಡೆ ನನಗೆ.
ಎಂಬತ್ತು ದಾಟಿದೆ, ಇದನ್ನಿನ್ನೂ ಮರೆತಿಲ್ಲ.

ಬೂಟು ಬಿಚ್ಚುತ್ತಿರಲಿಲ್ಲ ಅವನು.
ಚಾಪೆಯ ಮೇಲೂ ಬೂಟು, ಗಂಜಿ ಉಣ್ಣುವಾಗಲೂ ಬೂಟು.
ಭೋಂಗಾ ಕೂಗಿದರೆ ಓಡಬೇಕಲ್ಲ, ಅಂದ.
ಬಂದರಿನಲ್ಲಿ ಪೀಪಾಯಿ ಉರುಳಿದರೂ ಸಾಕು,
ದಂಡೆಯಲ್ಲಿ ಮಗುಚಿಟ್ಟ ದೋಣಿಯ ಕೆಳಗೆ ನುಗ್ಗಿ
ಕಿವಿಗೆ ಬೆರಳು, ಹಲ್ಲಿನ ನಡುವೆ ರಬ್ಬರಿನ ತುಂಡು,
ಶಾಲೆಯಲ್ಲಿ ಕಲಿಸಿದ ಹಾಗೆಯೇ.

ಕರೆದೆವು. ಬೈದೆವು. ಬರಲಿಲ್ಲ.
ಆಯಿ ಕರೆಯಲಿಲ್ಲ.
ಸೀರೆ ಎತ್ತಿ ಕಟ್ಟಿ, ಹರಿದ ಬಲೆಯ ಸಮೇತ
ತಾನೂ ದೋಣಿಯಡಿಗೆ ತೆವಳಿದಳು,
ಬಲೆಯ ಬೆಂಡೊಂದನ್ನು ಹಲ್ಲಲ್ಲಿ ಕಚ್ಚಿ
ಕೂತಳು ಅವನ ಪಕ್ಕ, ಮಾತಿಲ್ಲದೆ,
ಬಲೆ ಹೆಣೆಯುತ್ತ, ಇಳಿತ ಏರುವ ತನಕ.
ನಾನು ಹೊರಗೆ ನಿಂತು ಅವರ ಕಾಲು ಎಣಿಸಿದೆ.
ಎರಡು ಬರಿ, ಎರಡು ಬೂಟು.

ಆಮೇಲೊಂದು ದಿನ ತೆರೆಗೆ ಸಿಕ್ಕಿ ನೆನೆದು ಬಂದ.
ಆಯಿ ಬೂಟು ಕಳಚಿ, ಹುಲ್ಲು ತುರುಕಿ
ಮೀನಿನ ಬುಟ್ಟಿಯಲ್ಲಿ ಒಣಗಲಿಟ್ಟಳು.
ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿ ಹೇಂಟೆ,
ರೆಕ್ಕೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿ,
ಕೆಳಗೆ ಏಳು ತತ್ತಿ, ಅದರ ಕೆಳಗೆ ಬೂಟು.
ಅವನು ಕೈ ಚಾಚಿದ. ಕುಕ್ಕಿತು.
‘ಕಾವಿಗೆ ಕೂತಿದೆ. ಈಗ ಎಬ್ಬಿಸಿದರೆ ಏಳು ಜೀವ ಹೋದಾವು,’
ಅಂದಳು ಆಯಿ. ‘ಇಪ್ಪತ್ತೊಂದು ದಿನ ತಡಿ.’

ತಡೆದ. ಬರಿಗಾಲಲ್ಲಿ.
ಮೊದಲ ವಾರ ಚಿಪ್ಪು ಚುಚ್ಚಿ ಅತ್ತ,
ಎರಡನೆಯ ವಾರ ಏಡಿಯ ಬಿಲಕ್ಕೆ ಹೆಬ್ಬೆರಳು ಹಾಕಿದ,
ಮೂರನೆಯ ವಾರ ರಂಪಣಿ ಎಳೆಯುವವರ ಸಾಲಿನ ಕೊನೆಗೆ
ಹಿಮ್ಮಡಿ ಊರಿ ಹಗ್ಗ ಹಿಡಿದ.
ಒಂದು ಪೀಪಾಯಿ ಉರುಳಿತು.
ತಿರುಗಿ ನೋಡಿದ, ಅಷ್ಟೆ.

(ನಾನೇ ಕೋಳಿ ಕೂರಿಸುವ ಕಾಲ ಬಂದಾಗ ಹೊಳೆಯಿತು.
ಯಾವ ಹೇಂಟೆ ಒಂದೇ ರಾತ್ರಿ ಏಳು ತತ್ತಿ ಇಡುತ್ತದೆ?)

ಮರಿಗಳು ಹೊರಬಂದವು, ಐದು.
ಬೂಟಿನಲ್ಲಿ ಹಿಕ್ಕೆ, ಒಡೆದ ಚಿಪ್ಪು.
ಅವನು ಒಮ್ಮೆ ಬಗ್ಗಿ ನೋಡಿ
ಮರಿಗಳ ಹಿಂದೆ ಓಡಿದ.

ಯುದ್ಧ ಮುಗಿದ ವರ್ಷ ಅವನಪ್ಪ ಬಂದ,
ಕಾಗದದ ಪೆಟ್ಟಿಗೆಯಲ್ಲಿ ಹೊಸ ಬೂಟು ತಂದು.
ನೆನಪಿನಲ್ಲಿದ್ದ ಕಾಲಿನ ಅಳತೆ ಅದು.
ಬೆರಳೂ ಒಳಗೆ ಹೋಗಲಿಲ್ಲ.
ಆ ಮನುಷ್ಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು
ನಮ್ಮ ಜಗುಲಿಯಲ್ಲಿ ಬಹಳ ಹೊತ್ತು ಕೂತಿದ್ದ.
ಆಯಿ ಅವನಿಗೆ ಚಾ ಕೊಟ್ಟಳು,
ಹುಡುಗನ ಜೇಬಿಗೆ ಆ ಬೆಂಡು ಹಾಕಿದಳು.
ಬರಿಗಾಲಲ್ಲೇ ಮಚವೆ ಹತ್ತಿದ.

ಅಂದು ರಾತ್ರಿ ನನ್ನ ತಾಟಿಗೆ
ಇಡೀ ಬಂಗಡೆ ಬಿತ್ತು.
ಬಾಲದಿಂದ ಶುರು ಮಾಡಿ
ಅರ್ಧಕ್ಕೆ ಕೈ ತೊಳೆದೆ.